ನಾಲ್ಕು ಬೆರಳು ಅಗಲ, ಎರಡೂವರೆ ಮೊಳ ಉದ್ದ

ಪುಣೆಯಲ್ಲಿ ಕುಳಿತು, ಅನಾಥಾಲಯಗಳಲ್ಲಿರುವ ಅಂಗವಿಕಲ ಮಕ್ಕಳ ಕಡತಗಳಿಗೆ ಕೊನೆಯ ರುಜು ಹಾಕುವ ಅಧಿಕಾರಿಗಳಿಗೆ.

ಮಾನ್ಯರೇ,

ಅಕ್ಕು ಎಂಬ ಮಗುವಿನ ಬಲಗೈ ಮಣಿಕಟ್ಟಿನ ಮೇಲೆ ಚರ್ಮ ಉಳಿದಿಲ್ಲ. ಆ ಕೈಯನ್ನು ಹಗಲು ಏಳು ತಾಸು ಕಬ್ಬಿಣದ ಮಂಚಕ್ಕೆ ಕಟ್ಟಿಡಲಾಗುತ್ತಿದೆ. ಅವಳಿಗೆ ಬೇಕಾದ ಚಿಕಿತ್ಸೆ ನಾಲ್ಕು ಕಿಲೋಮೀಟರು ದೂರದಲ್ಲಿದೆ, ಬಿಟ್ಟಿಯಾಗಿ ಕೊಡುವವರಿದ್ದಾರೆ, ಕರೆದೊಯ್ಯಲು ನನ್ನ ವ್ಯಾನು ಇದೆ. ಇಲ್ಲದಿರುವುದು ನಿಮ್ಮ ರುಜು ಒಂದೇ. ವಿಷಯ ಇಷ್ಟೇ. ಮೊದಲ ಪ್ಯಾರಾದಲ್ಲೇ ಹೇಳಿ ಮುಗಿಸಿದೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಎರಡನೆಯ ಪ್ಯಾರಾ ಓದುವ ಪದ್ಧತಿ ಇಲ್ಲವೆಂದು ನನ್ನ ನಾಲ್ಕು ಅರ್ಜಿಗಳು ನನಗೆ ಕಲಿಸಿವೆ.

ಆ ನಾಲ್ಕನ್ನೂ ಮರಾಠಿಯಲ್ಲಿ ಕೊಟ್ಟಿದ್ದೆ. ಒಳ್ಳೆಯ ಮರಾಠಿ, ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಬರೆದದ್ದು. ಐದನೆಯದನ್ನು ಕನ್ನಡದಲ್ಲಿ, ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರು ಗಡಿಯ ಈಚೆ, ಮಹಾರಾಷ್ಟ್ರದಲ್ಲಿದ್ದರೂ ಮನೆಮಾತು ಕನ್ನಡ. ಹೋದ ನವೆಂಬರಿನಲ್ಲಿ ನಮ್ಮ ರಾಜ್ಯೋತ್ಸವಕ್ಕೆ ನೀವೇ ಮುಖ್ಯ ಅತಿಥಿಗಳು. ನಿಮ್ಮ ತಾಯಿಯವರು ಈ ಪತ್ರಿಕೆಯನ್ನು ರಟ್ಟಿನಿಂದ ರಟ್ಟಿನವರೆಗೆ ಓದುತ್ತಾರೆಂದು ವೇದಿಕೆಯ ಮೇಲೆ ಅಭಿಮಾನದಿಂದ ಹೇಳಿದಿರಿ. ಕಚೇರಿ ಓದದಿದ್ದರೆ ಬೇಡ. ತಾಯಿಯವರು ಓದಿ, ನೀವು ಊಟಕ್ಕೆ ಕುಳಿತಾಗ ಒಂದು ಮಾತು ಕೇಳಲಿ.

ಅಕ್ಕು ಯಾರೆಂದು ಮೊದಲು ಹೇಳಬೇಕು, ಏಕೆಂದರೆ ಕಡತದಲ್ಲಿ ಆಕೆಗೆ ಸಂಖ್ಯೆ ಇದೆ, ಹೆಸರಿಲ್ಲ. ಎರಡು ವರ್ಷದ ಹಿಂದೆ ಜೂನ್ ಒಂಬತ್ತರಂದು ಹಡಪಸರದ ಬಸ್ ನಿಲ್ದಾಣದ ಬೆಂಚಿನ ಕೆಳಗೆ ಸಿಕ್ಕ ಕೂಸು. ಎರಡೂ ಕಾಲು ಕತ್ತರಿಯ ಹಾಗೆ ಬಿಗಿದುಕೊಂಡಿದ್ದವು. ಎಡಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ದವಾಖಾನೆಯ ಡಾಕ್ಟರು ಬಾಯಿ ತೆರೆಸಿ ಹಲ್ಲು ನೋಡಿ ಎಂಟು ತಿಂಗಳು ಎಂದರು. ನಿಮ್ಮ ಕಾರಕೂನರು ಹಿಂದಕ್ಕೆ ಎಣಿಸಿ ಅಕ್ಟೋಬರ್ ಮೂವತ್ತೊಂದು ಎಂದು ಹುಟ್ಟಿದ ದಿನ ಬರೆದರು. ತಿಂಗಳ ಕೊನೆಯ ತಾರೀಖು ಬರೆಯುವುದಕ್ಕೆ ಸುಲಭ. ಆ ತಾರೀಖಿಗೆ ಬೇರೆ ಯಾವ ಆಧಾರವೂ ಇಲ್ಲ. ಆದರೆ ಈಗ ಅದೇ ತಾರೀಖು ಅವಳ ಕುತ್ತಿಗೆಗೆ ಬಂದಿದೆ. ಬರುವ ಮೂವತ್ತೊಂದಕ್ಕೆ ಅಕ್ಕುವಿಗೆ ಮೂರು ತುಂಬುತ್ತದೆ. ಮೂರು ತುಂಬಿದ ದಿನ ಎಳೆಯ ಮಕ್ಕಳ ನೆರವಿನ ಪಟ್ಟಿಯಿಂದ ಅವಳ ಸಂಖ್ಯೆ ಹೊಡೆದುಹಾಕಿ, ಬೇರೆ ಜಿಲ್ಲೆಯ ದೊಡ್ಡ ವಸತಿಗೃಹಕ್ಕೆ ಸಾಗಿಸುತ್ತೀರಿ. ಪಟ್ಟಿಯಲ್ಲಿದ್ದ ಇಷ್ಟು ದಿನ ಅವಳಿಗೆ ಸಿಕ್ಕ ನೆರವೇನು? ಅಂಗಡಿಯವನ ಚಟ, ಎಣಿಸಿದ್ದೇನೆ. ಸಿಕ್ಕ ದಿನದಿಂದ ಇವತ್ತಿಗೆ ಎಂಟುನೂರ ಐವತ್ತು ದಿನ. ಅದರಲ್ಲಿ ಚಿಕಿತ್ಸಕರು ಅವಳನ್ನು ಮುಟ್ಟಿದ್ದು ಒಂದು ದಿನ, ಒಂದು ಶಿಬಿರದಲ್ಲಿ, ಫೋಟೋ ತೆಗೆಯುವಷ್ಟು ಹೊತ್ತು.

ಇನ್ನು ನನ್ನ ಪಾಲು. ಅದನ್ನು ಬಚ್ಚಿಟ್ಟು ನಿಮ್ಮ ಮೇಲೆ ಕೂಗಾಡಿದರೆ ನಾನೂ ನಿಮ್ಮ ಜಾತಿಯವನೇ ಆಗುತ್ತೇನೆ.

ನಾನು ಬಾಗಲಕೋಟೆ ಕಡೆಯ ನೇಕಾರರ ಮನೆಯವನು. ಹದಿನಾರಕ್ಕೆ ಪುಣೆಗೆ ಬಂದು, ಹೆಗಲ ಮೇಲೆ ಗಂಟು ಹೊತ್ತು ಮನೆಮನೆಗೆ ನೈಟಿ ಮಾರಿದವನು. ಓದು ಏಳನೆಯ ಇಯತ್ತೆ, ಮಿಕ್ಕದ್ದೆಲ್ಲ ಮಾತು. ಈಗ ಹನ್ನೊಂದು ಹೊಲಿಗೆ ಯಂತ್ರಗಳ ಅಂಗಡಿ ಇದೆ. ಈ ಧಂದೆಯಲ್ಲಿ ಒಂದು ರೀತಿ ಇದೆ: ಗಿರಾಕಿ ಅಳತೆ ಹೇಳಿದರೆ ಅಳತೆ ಬರೆದುಕೊಳ್ಳಬೇಕು, ಯಾತಕ್ಕೆ ಎಂದು ಕೇಳಬಾರದು. ಐದಡಿ ಹೆಂಡತಿಗೆ ಆರಡಿಯ ನೈಟಿ ಕೇಳಿದ ಗಂಡನಿಗೂ ನಗದೆ ಹೊಲಿದುಕೊಟ್ಟಿದ್ದೇನೆ. ಹೀಗಿರುವಾಗ ಮೂರು ವರ್ಷದ ಹಿಂದೆ ಅನಾಥಾಲಯದ ಮೇಲ್ವಿಚಾರಕರು ಬಂದು, ನಾನು ಕತ್ತರಿಸಿ ಉಳಿದ ಬಟ್ಟೆಯನ್ನು ಮಕ್ಕಳಿಗೆ ದಾನ ಕೊಡಿ ಎಂದರು. ಅಳತೆಯನ್ನೂ ಹೇಳಿದರು. ನಾಲ್ಕು ಬೆರಳು ಅಗಲ, ಎರಡೂವರೆ ಮೊಳ ಉದ್ದ. ಮೆತ್ತನೆಯ ಕಾಟನ್ ಇರಲಿ. ಅಂಚು ಹೊಲಿದಿರಲಿ. ಎಳೆದರೆ ಹರಿಯಬಾರದು.

ಎಳೆದರೆ ಹರಿಯಬಾರದು! ನಲವತ್ತು ವರ್ಷ ಬಟ್ಟೆಯ ಜೊತೆ ಬದುಕಿದವನಿಗೆ ಈ ಮಾತು ಕಿವಿಯಲ್ಲಿ ಚುಚ್ಚಬೇಡವೇ? ಮೂಗು ಒರೆಸುವ ಬಟ್ಟೆಯನ್ನು ಯಾರು ಎಳೆಯುತ್ತಾರೆ? ನಾನು ಕೇಳಲಿಲ್ಲ. ಬದಲಿಗೆ ಜೋಡಿ ಹೊಲಿಗೆ ಹಾಕಿಸಿದೆ. ಒಂದು ತುದಿ ನಾನು, ಒಂದು ತುದಿ ನಮ್ಮ ಮಾಸ್ತರ್ ಟೇಲರ್ ಮಾಧುರಿ ಹಿಡಿದು, ಜೋರಾಗಿ ಜಗ್ಗಿ ನೋಡಿದೆವು. ಹರಿಯಲಿಲ್ಲ. ತಿಂಗಳಿಗೆ ಐವತ್ತು ಪಟ್ಟಿ, ಮೂರು ವರ್ಷ. ಇದೇ ದಾನಕ್ಕಾಗಿ ರಾಜ್ಯೋತ್ಸವದ ವೇದಿಕೆಯಲ್ಲಿ ನನಗೆ ಶಾಲು ಹೊದಿಸಿದವರು ತಾವೇ. ಆ ಫೋಟೋದಲ್ಲಿ ನಾವಿಬ್ಬರೂ ನಗುತ್ತಿದ್ದೇವೆ. ನಡುವಿನ ಟೇಬಲ್ಲಿನ ಮೇಲೆ ಪಟ್ಟಿಗಳ ಕಟ್ಟು ಇದೆ, ಅದಕ್ಕೊಂದು ಕೆಂಪು ರಿಬ್ಬನ್ನು.

ಈ ವರ್ಷ ಬಸವ ಜಯಂತಿಯಂದು ನನ್ನ ಹೆಂಡತಿ ಚನ್ನಬಸವ್ವನೂ ನಾನೂ ಹೋಳಿಗೆ ಒಯ್ದೆವು. ದಾನಿಗಳಿಗೆ ಅಲ್ಲೊಂದು ಮುಂದಿನ ಹಾಲ್ ಇದೆ, ನಿಮಗೂ ಗೊತ್ತು, ನೀವೂ ಅಲ್ಲೇ ಕೇಕು ಕತ್ತರಿಸಿದವರು. ತಲೆ ಬಾಚಿದ, ಕೈ ಮುಗಿಯಲು ಬರುವ ಮಕ್ಕಳು ಅಲ್ಲಿ ಸಾಲಾಗಿ ಕೂತಿರುತ್ತಾರೆ. ಅವತ್ತು ಹೋಳಿಗೆ ಬಡಿಸುವಾಗ ಹಿಂದಿನಿಂದ ಒಂದು ಸಪ್ಪಳ. ಧಡ್. ಸ್ವಲ್ಪ ಬಿಟ್ಟು ಮತ್ತೆ ಧಡ್. ಪೈಪು ರಿಪೇರಿ ನಡೆದಿದೆ ಎಂದರು ಮೇಲ್ವಿಚಾರಕರು. ಪೈಪಿನ ಸದ್ದಿನ ನಡುವೆ ಉಸಿರು ಕೇಳಿಸುವುದಿಲ್ಲ, ಇಲ್ಲಿ ಕೇಳಿಸುತ್ತಿತ್ತು. ಚನ್ನಬಸವ್ವ ಸೌಟು ಕೆಳಗಿಟ್ಟು ಎದ್ದು ಹೋದಳು. ನಾನು ಹಿಂದೆ ಹೋದೆ.

ಹಿಂದಿನ ಖೋಲಿಯಲ್ಲಿ ಆರು ಕಬ್ಬಿಣದ ಮಂಚ. ಆರರಲ್ಲಿ ಆರು ಮಕ್ಕಳು. ಆರೂ ಕೈಗಳಿಗೆ ನೀಲಿ ನೆಲದ ಮೇಲೆ ಹಳದಿ ಚೆಂಡುಹೂವಿನ ಬಟ್ಟೆ. ನಾನು ಮೊದಲು ಗುರುತು ಹಿಡಿದದ್ದು ಮಕ್ಕಳನ್ನಲ್ಲ, ಬಟ್ಟೆಯನ್ನು. ಹೋದ ದೀಪಾವಳಿಗೆ ಮಾರಾಟವಾಗದೆ ಉಳಿದ ನನ್ನ ಥಾನು ಅದು. ಐದು ಮಕ್ಕಳು ತಲೆಯ ಮೇಲಿನ ಮಾಳಿಗೆ ನೋಡುತ್ತ ಸುಮ್ಮನೆ ಬಿದ್ದಿದ್ದವು. ಆರನೆಯದು ತಲೆಯನ್ನು ಮಂಚದ ಸರಳಿಗೆ ಬಡಿಯುತ್ತಿತ್ತು. ಹಣೆಯಲ್ಲಿ ಹಳೆಯ ಗಾಯ, ಅದರ ಮೇಲೆ ಹೊಸದು. ರಕ್ತ ಹುಬ್ಬಿನವರೆಗೆ ಇಳಿದು ಒಣಗಿ, ಮತ್ತೆ ಇಳಿಯುತ್ತಿತ್ತು. ಅದು ಅಳುತ್ತಿರಲಿಲ್ಲ. ಹೊಡೆಯುತ್ತಿತ್ತು, ಅಷ್ಟೇ.

ದಾರ ಕತ್ತರಿಸುವ ಪುಟ್ಟ ಕತ್ತರಿ ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಪಟ್ಟಿ ಕತ್ತರಿಸಿದೆ. ಜೋಡಿ ಹೊಲಿಗೆ, ಎರಡು ಸಲ ಕತ್ತರಿ ಹಾಕಬೇಕಾಯಿತು. ಬಿಡುಗಡೆಯಾದ ಕೈ ಮಾಡಿದ ಮೊದಲ ಕೆಲಸ ನನ್ನ ಮುಖ ಪರಚಿದ್ದು. ಎರಡನೆಯದು, ನನ್ನ ಹೆಬ್ಬೆರಳನ್ನು ಬಾಯಿಗೆಳೆದುಕೊಂಡು ರಕ್ತ ಬರುವ ಹಾಗೆ ಕಚ್ಚಿದ್ದು. ಅಷ್ಟರಲ್ಲಿ ಆಯಾ ಓಡಿ ಬಂದಳು. ಮುನಿಯಮ್ಮ, ಕೋಲಾರದ ಕಡೆಯವಳು. ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಗಂಡನ ಕೆಲಸ ಹೋದ ಮೇಲೆ ಇಲ್ಲಿ ಸೇರಿದವಳು. ನಾನು ಕೈಯೆತ್ತಿದೆ. ಹೌದು, ಹೆಣ್ಣಿನ ಮೇಲೆ ಕೈಯೆತ್ತಿದೆ, ಬರೆಯುತ್ತಿದ್ದೇನೆ.

"ಹೊಡೀರಿ ಸಾಮಿ," ಎಂದಳು, ಕೆನ್ನೆ ಮುಂದೆ ಮಾಡಿ. "ನೀವ್ ಕೊಟ್ಟಿದ್ ಬಟ್ಟೆನೇ ಅಲ್ವಾ? ಹತ್ತೊಂಬತ್ತು ಮಕ್ಳು, ನಾನೊಬ್ಳು. ಕಟ್ಟಿಲ್ಲಾಂದ್ರೆ ಅಕ್ಕು ತನ್ ಕೈನ ತಾನೇ ಕಡ್ಕೊಂಡ್ ತಿಂತಾಳೆ. ಎತ್ಕೊಂಡ್ರೆ ಸುಮ್ಕಿರ್ತಾಳೆ. ಆದ್ರೆ ಎಷ್ಟ್ ಜನಾನ ಎತ್ಕೊಳ್ಳಲಿ? ನೋಡಿ." ತೋಳು ಮೇಲೆ ಮಾಡಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಲ್ಲಿನ ಗುರುತು. "ಇದು ಹೋದ್ ವಾರದ್ದು. ಇದು ನೆನ್ನೆದು. ನಾನು ಎರಡು ಬೆಳ್ಳು ತೂರೋ ಹಂಗೆ ಸಡಿಲಾಗೇ ಕಟ್ತೀನಿ, ದೇವ್ರಾಣೆ."

ಎತ್ತಿದ ನನ್ನ ಕೈಯನ್ನು ಚನ್ನಬಸವ್ವ ಹಿಂದಿನಿಂದ ಹಿಡಿದಳು. "ಆಕಿಗ್ಯಾಕ ಹೊಡೀತೀರಿ? ಮೊದ್ಲ ನಿಮ್ಮ ಕಪಾಳಕ್ಕ ಹೊಡ್ಕೋರಿ. ಹೊಲಿದಾವ್ರು ಯಾರ್ರೀ? ಜಗ್ಗಿ ಜಗ್ಗಿ ನೋಡಿದಾವ್ರು ಯಾರು?"

ಮನೆಗೆ ಬಂದು ಶಾಲಿನ ಫೋಟೋ ಗೋಡೆಯಿಂದ ಇಳಿಸಿದೆ. ಪಟ್ಟಿ ಕೊಡುವುದನ್ನು ನಿಲ್ಲಿಸಿದೆ. ನಿಮಗೆ ಅರ್ಜಿ ಬರೆದೆ. ಪಾಪ ಕಳೆಯಿತು ಎಂದುಕೊಂಡೆ.

ನಿಮ್ಮ ಕಚೇರಿ ನಿದ್ರಿಸಲಿಲ್ಲ, ಒಪ್ಪುತ್ತೇನೆ. ಎರಡನೆಯ ಅರ್ಜಿ ತಲುಪಿದ ಹದಿನೆಂಟು ದಿನಕ್ಕೆ ಕ್ರಮ ಕೈಗೊಂಡಿತು. ಏನು ಕ್ರಮ? ಮುನಿಯಮ್ಮನನ್ನು ಕೆಲಸದಿಂದ ತೆಗೆಯಲಾಯಿತು. ಮಕ್ಕಳನ್ನು ಕಟ್ಟಿಹಾಕಿದ ಕ್ರೌರ್ಯಕ್ಕಾಗಿ! ಹತ್ತೊಂಬತ್ತಕ್ಕೆ ಒಬ್ಬಳನ್ನು ಇಟ್ಟವರು ಕ್ರೂರಿಗಳಲ್ಲ. ಎರಡು ಬೆರಳು ಬಿಟ್ಟು ಕಟ್ಟಿದವಳು ಕ್ರೂರಿ. ಅವಳ ಜಾಗಕ್ಕೆ ಇಬ್ಬರನ್ನೂ ಹಾಕಲಿಲ್ಲ, ಮೂವರನ್ನೂ ಹಾಕಲಿಲ್ಲ. ಏಜೆನ್ಸಿಯಿಂದ ಇನ್ನೊಬ್ಬಳನ್ನು ಹಾಕಿದರು. ಅವಳಿಗೆ ಮಕ್ಕಳ ಹೆಸರೇ ಗೊತ್ತಿಲ್ಲ.

ಆಗಸ್ಟಿನ ಒಂದು ಭಾನುವಾರ ಸಿಂಧೂರ ಎಂಬ ಹೆಣ್ಣುಮಗಳನ್ನು ಕರೆದುಕೊಂಡು ಹೋದೆ. ಮೈಸೂರಿನವಳು, ನಮ್ಮ ಗಿರಾಕಿ. ಮಗರಪಟ್ಟಾದಲ್ಲಿ ಎಳೆಯ ಮಕ್ಕಳ ಕೈಕಾಲಿಗೆ ವ್ಯಾಯಾಮ ಕಲಿಸುವ ಕೇಂದ್ರ ನಡೆಸುತ್ತಾಳೆ. ಅಲ್ಲಿಯ ಗೋಪುರದಂಥ ಅಪಾರ್ಟ್‌ಮೆಂಟುಗಳಲ್ಲಿ ಹುಟ್ಟಿದ ಮಗು ಐದನೆಯ ತಿಂಗಳಿಗೆ ಕತ್ತು ನಿಲ್ಲಿಸದಿದ್ದರೆ ಆರನೆಯ ತಿಂಗಳಿಗೆ ಅವಳ ಚಾಪೆಯ ಮೇಲಿರುತ್ತದೆ. ಅಪ್ಪ ಅಮ್ಮ ಇರುವುದರ ಲಾಭ ಅದು. ಅವರ ಮಕ್ಕಳಿಗೂ ಅಕ್ಕುವಿಗೂ ಇರುವ ಕಾಯಿಲೆ ಒಂದೇ.

ಖೋಲಿಯಲ್ಲಿ ನನ್ನ ಚೆಂಡುಹೂವಿನ ಬಟ್ಟೆ ಇರಲಿಲ್ಲ. ಅದರ ಜಾಗದಲ್ಲಿ ನೈಲಾನ್ ಸುತಲಿ ಇತ್ತು, ಅಂಗಡಿಯಲ್ಲಿ ಪಾರ್ಸೆಲ್ ಕಟ್ಟುವಂಥದ್ದು. ಬಟ್ಟೆ ಬರುವುದು ನಿಂತಿತಲ್ಲ, ಹೊಸ ಆಯಾ ಸಿಕ್ಕಿದ್ದರಲ್ಲಿ ಕಟ್ಟಿದ್ದಳು. ಎರಡು ಬೆರಳಲ್ಲ, ಸೂಜಿಯೂ ತೂರದ ಹಾಗೆ. ಅಕ್ಕುವಿನ ಮಣಿಕಟ್ಟಿನಲ್ಲಿ ಸುತಲಿ ಕಾಣುತ್ತಿರಲಿಲ್ಲ, ಮಾಂಸದೊಳಗೆ ಇಳಿದುಹೋಗಿತ್ತು. ನನ್ನ ಕತ್ತರಿಯನ್ನು ಸಿಂಧೂರಳಿಗೆ ಕೊಟ್ಟೆ. ಅವಳು ಅದನ್ನು ಎಳೆಎಳೆಯಾಗಿ ಬಿಡಿಸುವಾಗ ಚರ್ಮವೂ ಜೊತೆಗೆ ಬಂತು. ಆಗ ಆ ಮಗು ಕೂಗಿದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಕೂಗಿ ಮುಗಿದ ಮೇಲೆ ಅದೇ ಕೈಯಿಂದ ಸಿಂಧೂರಳ ಜಡೆ ಹಿಡಿದು ಜಗ್ಗಿತು. ಅವಳ ತಲೆ ಮಂಚಕ್ಕೆ ಬಡಿಯಿತು.

"ಬಿಡಿ ಅಂಕಲ್, ಬಿಡಿಸ್ಬೇಡಿ," ಎಂದಳು ಆ ಹುಡುಗಿ, ಕಣ್ಣಲ್ಲಿ ನೀರಿಟ್ಟುಕೊಂಡೇ ನಗುತ್ತ. "ಎಷ್ಟ್ ಸ್ಟ್ರಾಂಗ್ ಆಗಿ ಎಳೀತಾಳೆ ನೋಡಿ! ಎಡಗೈ ವೀಕ್. ಇವ್ಳ ಹತ್ರ ಇರೋ ಒಳ್ಳೆ ಕೈ ಇದೊಂದೇ. ಇದನ್ನೇ ಕಟ್ಟಿದಾರೆ." ಆಮೇಲೆ ಮಗುವನ್ನು ಮಡಿಲಿಗೆ ಹಾಕಿಕೊಂಡು, ಮುಚ್ಚಿದ ಎಡ ಮುಷ್ಟಿಯನ್ನು ಸವರಿ ಸವರಿ, ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದಳು. ಇಪ್ಪತ್ತು ನಿಮಿಷ ಹಿಡಿಯಿತು. ತೆರೆದ ಅಂಗೈಯಲ್ಲಿ ತನ್ನ ಬೆರಳಿಟ್ಟಳು. ಅಕ್ಕು ಹಿಡಿದಳು. ಬಿಗಿಯಾಗಿ ಅಲ್ಲ. ಆದರೆ ಹಿಡಿದಳು. ಅಷ್ಟು ಹೊತ್ತೂ ತಲೆ ಬಡಿಯಲಿಲ್ಲ.

"ವಾರಕ್ಕೆ ಮೂರ್ ದಿನ ಕಳಿಸ್ಲಿ, ನಾನು ಫ್ರೀ ಮಾಡ್ತೀನಿ," ಎಂದಳು ಸಿಂಧೂರ. "ಮಿರಾಕಲ್ ಅಂತ ಪ್ರಾಮಿಸ್ ಮಾಡಲ್ಲ. ಕೂತ್ಕೊಳೋದು, ತಾನೇ ತಿನ್ನೋದು, ಆಮೇಲೆ ನೋಡೋಣ. ಆದ್ರೆ ಈಗ್ಲೇ ಆಗ್ಬೇಕು ಅಂಕಲ್. ಈಗ ಒಂದ್ ತಿಂಗ್ಳಲ್ಲಿ ಕಲಿಯೋದು ದೊಡ್ಡೋಳಾದ್ಮೇಲೆ ಎಷ್ಟೋ ವರ್ಷಕ್ಕೂ ಬರದೇ ಹೋಗ್ಬಹುದು." ಉಳಿದ ಐದು ಮಂಚಗಳ ಕಡೆ ನೋಡಿ ದನಿ ತಗ್ಗಿಸಿದಳು. "ಇವ್ಳು ಇನ್ನೂ ಜಗಳ ಆಡ್ತಿದಾಳೆ. ಅವ್ರು ನಿಲ್ಲಿಸ್ಬಿಟ್ಟಿದಾರೆ."

ಮಗುವನ್ನು ಹೊರಗೆ ಕರೆದೊಯ್ಯಲು ನಿಮ್ಮ ಅಪ್ಪಣೆ ಬೇಕು. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ಆ ಸುತಲಿಯನ್ನೇ ಪೊಟ್ಟಣ ಕಟ್ಟಿಕೊಂಡು ನಿಮ್ಮಲ್ಲಿಗೆ ಬಂದೆ. ಮುಂದೆ ನಡೆದದ್ದು ನಿಮಗೆ ಗೊತ್ತು, ಓದುಗರಿಗೆ ಗೊತ್ತಿಲ್ಲ. ಅಪ್ಪಣೆಗೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು ಎಂದಿರಿ. ಪ್ರಮಾಣಪತ್ರಕ್ಕೆ ಆಧಾರ್ ಬೇಕು ಎಂದಿರಿ. ಇಷ್ಟು ಸಣ್ಣ ಮಗುವಿನ ಆಧಾರ್‌ಗೆ ತಂದೆ ತಾಯಿಯ ಬೆರಳಚ್ಚು ಬೇಕು ಎಂದಿರಿ.

"ತಂದಿ ತಾಯಿ ಇದ್ದಿದ್ರ ಅದು ನಿಮ್ಮ ಫೈಲಿನ್ಯಾಗ ಯಾಕ ಬರ್ತಿತ್ರಿ ಸಾಹೇಬ್ರ?" ಎಂದೆ.

"ಅದಕ್ಕ ಮೇಲ್ವಿಚಾರಕರ ಬೆರಳು ನಡೀತದ. ಆದ್ರ ಅವ್ರಿಗೆ ಮೊದ್ಲ ಒಂದು ಆದೇಶ ಬೇಕು."

"ಆದೇಶ ಯಾರು ಕೊಡಬೇಕ್ರಿ?"

"ನಾನ ಕೊಡಬೇಕು."

"ಮತ್ತ ಕೊಡ್ರಲ್ಲ!"

"ಈರಣ್ಣಾರ, ನೀವು ನಮ್ಮ ಮಂದಿ ಅಂತ ಕೂಡಿಸಿ ಮಾತಾಡಾಕತ್ತೇನಿ. ಬರೋ ತಿಂಗಳ ಆ ಕೂಸಿಗೆ ಮೂರು ತುಂಬತಾವ. ವರ್ಗಾ ಆಗಿ ಹೋಗ್ತದ. ಹೋಗೋ ಕೂಸಿಗೆ ಯಾಕಿಷ್ಟು ಗದ್ಲ?"

ಹೋಗುವ ಕೂಸು! ಆ ಎರಡು ಪದಕ್ಕೆ ನನ್ನ ಮುಷ್ಟಿ ನಿಮ್ಮ ಟೇಬಲ್ಲಿನ ಮೇಲೆ ಬಿತ್ತು. ಗಾಜು ಒಡೆಯಿತು. ನನ್ನ ಅಂಗೈ ಸೀಳಿತು, ನಿಮ್ಮ ಕಡತದ ಮೇಲೆ ರಕ್ತ ಸಿಡಿಯಿತು. ನಿಮ್ಮ ಬಾಗಿಲ ಶಿಪಾಯಿ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಗುದ್ದಿದ. ನಾನೂ ಅವನ ಹೊಟ್ಟೆಗೆ ಒದ್ದೆ. ಪೊಲೀಸ್ ಚೌಕಿಯಲ್ಲಿ ಮೂರು ತಾಸು ಕೂತು ಕ್ಷಮಾಪಣೆ ಬರೆದುಕೊಟ್ಟೆ. ಗಾಜಿನ ಮಟ್ಟಿಗೆ ಅದು ಮನಸಾರೆ ಬರೆದದ್ದು, ಶಿಪಾಯಿಯ ಮಟ್ಟಿಗೂ. ಅವನೂ ಅಳತೆ ಕೇಳಿ ಕೆಲಸ ಮಾಡುವವನೇ. ಆದರೆ ಒಂದು ಸಂಗತಿ ಕಂಡೆ. ನಿಮ್ಮ ಗಾಜು ಒಡೆದ ಅರ್ಧ ತಾಸಿಗೆ ಪಂಚನಾಮೆ ಆಯಿತು. ಉದ್ದ, ಅಗಲ, ಬಿರುಕು, ಇಬ್ಬರು ಸಾಕ್ಷಿ. ಅಕ್ಕುವಿನ ಮಣಿಕಟ್ಟಿಗೆ ಎಂಟುನೂರ ಐವತ್ತು ದಿನದಲ್ಲಿ ಯಾರು ಪಂಚನಾಮೆ ಮಾಡಿದರು? ಅದರ ಬಿರುಕನ್ನು ಯಾರು ಅಳೆದರು? ನಿಮ್ಮ ಬಾಗಿಲ ಫಲಕದಲ್ಲಿ ಇಂಥ ಮಕ್ಕಳನ್ನು ದಿವ್ಯಾಂಗರು ಎಂದು ಬರೆಸಿದ್ದೀರಿ. ಒಳಗೆ ಅವರು ಹೋಗುವ ಕೂಸುಗಳು.

ಅದಾದ ಮೇಲೆ ಒಂದು ಸೋಮವಾರ, ಪಟ್ಟಿಯೊಂದನ್ನು ತೆಗೆದು ನನ್ನ ಬಲಗೈಯನ್ನು ಅಂಗಡಿಯ ಕಟಿಂಗ್ ಟೇಬಲ್ಲಿನ ಕಾಲಿಗೆ ಕಟ್ಟಿಸಿಕೊಂಡೆ. ಸುತಲಿಯಲ್ಲ, ನನ್ನದೇ ಮೆತ್ತನೆಯ ಕಾಟನ್. ಎರಡು ಬೆರಳು ಸಡಿಲ. ಬೆಳಿಗ್ಗೆ ಒಂಬತ್ತು. "ಸಾವ್ಕಾರ್ರು ಓಡಿ ಹೋಗ್ತಾರಂತ ಅಮ್ಮಾರು ಕಟ್ಟಿ ಹೋಗ್ಯಾರೇನ್ರಿ?" ಎಂದು ಮಾಧುರಿ ಎಲ್ಲರನ್ನೂ ನಗಿಸಿದಳು. ನಾನೂ ನಕ್ಕೆ. ಹನ್ನೊಂದಕ್ಕೆ ಭುಜ ಹತ್ತಿ ಉರಿಯತೊಡಗಿತು. ಹನ್ನೆರಡಕ್ಕೆ ಬೆರಳುಗಳು ನನ್ನವಲ್ಲ ಅನ್ನಿಸಿತು. ಒಂದಕ್ಕೆ ಯಾರು ಮಾತಾಡಿಸಿದರೂ ಬೈಯುತ್ತಿದ್ದೆ. ಒಂದು ನಲವತ್ತಕ್ಕೆ ಹಣೆಯನ್ನು ಟೇಬಲ್ಲಿನ ಅಂಚಿಗೆ ಬಡಿಯುತ್ತಿದ್ದೆ, ನನಗೇ ಗೊತ್ತಿಲ್ಲದೆ. ಬಿಚ್ಚಲು ಬಂದ ಮಾಧುರಿಯ ಮೇಲೆ ಎಡಗೈಗೆ ಸಿಕ್ಕ ದೊಡ್ಡ ಕತ್ತರಿ ಎಸೆದೆ. ಅವಳ ಕಿವಿಯಿಂದ ಒಂದು ಗೇಣು ದೂರದಲ್ಲಿ ಕಪಾಟಿಗೆ ನೆಟ್ಟಿತು. ಹನ್ನೆರಡು ವರ್ಷ ನನ್ನ ಅಂಗಡಿಯಲ್ಲಿ ದುಡಿದ ಹೆಂಗಸು ಅವತ್ತು ಮಧ್ಯಾಹ್ನ ಮನೆಗೆ ಹೋದಳು. ಮರುದಿನ ಅವಳ ಮನೆಗೆ ಹೋಗಿ ಕೈಮುಗಿದು ಕರೆತರಬೇಕಾಯಿತು.

ಐವತ್ತಾರು ವರ್ಷದ ಗಂಡಸು ನಾನು. ಮಾತು ಬರುತ್ತದೆ, ಗಂಟು ಬಿಚ್ಚಲು ಬರುತ್ತದೆ, ಗಡಿಯಾರ ಓದಲು ಬರುತ್ತದೆ, ಸಂಜೆ ಬಿಡುತ್ತಾರೆಂದು ಗೊತ್ತಿದೆ. ಇಷ್ಟೆಲ್ಲ ಇದ್ದೂ ಐದು ತಾಸು ತಡೆಯಲಾಗದೆ ಕೊಲೆ ಮಾಡಲು ಹೋದೆ. ಇದಾವುದೂ ಇಲ್ಲದ ಮಗು ದಿನಾ ಏಳು ತಾಸು ತಡೆಯುತ್ತಿದೆ. ಅದು ತಲೆ ಬಡಿದರೆ ನಿಮ್ಮ ವರದಿ "ಸ್ವಭಾವತಃ ಹಿಂಸಾತ್ಮಕ" ಎನ್ನುತ್ತದೆ. ಹಿಂಸೆ ಯಾರದ್ದು, ಮಾನ್ಯರೇ?

ಈಗ ಬೇಡಿಕೆ. ಇವತ್ತು ಅಕ್ಟೋಬರ್ ಆರು. ಮೂವತ್ತೊಂದಕ್ಕೆ ಇಪ್ಪತ್ತೈದು ದಿನ. ಶನಿವಾರ, ಭಾನುವಾರ, ದೀಪಾವಳಿ ಕಳೆದರೆ ನಿಮ್ಮ ಕುರ್ಚಿಯಲ್ಲಿ ನೀವಿರುವುದು ಹದಿನಾರು ದಿನ. ಅಷ್ಟರಲ್ಲಿ ಅಕ್ಕುವಿನ ವರ್ಗಾವಣೆ ತಡೆದು, ವಾರಕ್ಕೆ ಮೂರು ದಿನ ಸಿಂಧೂರಳ ಚಾಪೆಗೆ ಕಳಿಸುವ ಆದೇಶಕ್ಕೆ ರುಜು ಹಾಕಿ. ಮುನಿಯಮ್ಮನನ್ನು ವಾಪಸು ಕರೆಯಿರಿ. ಅವಳ ಜೊತೆ ಇನ್ನಿಬ್ಬರನ್ನು ಕೊಡಿ, ಎತ್ತಿಕೊಳ್ಳಲಿಕ್ಕೆ. ಮಾಳಿಗೆ ನೋಡುತ್ತಿರುವ ಆ ಐವರನ್ನೂ ಒಮ್ಮೆ ಯಾರಾದರೂ ತಿಳಿದವರಿಗೆ ತೋರಿಸಿ. ಹುಟ್ಟಿದ ತಾರೀಖನ್ನು ಹಲ್ಲು ನೋಡಿ ಬರೆದವರು ನೀವು. ಒಂದು ಆರು ತಿಂಗಳು ಮುಂದೆ ಹಾಕಿದರೆ ಯಾವ ತಾಯಿ ಬಂದು ತಕರಾರು ಮಾಡುತ್ತಾಳೆ? ಹದಿನೇಳನೆಯ ದಿನ ನಾನು ಮತ್ತೆ ಬರುತ್ತೇನೆ. ಹೊಸ ಗಾಜು ಹಾಕಿಸಿದ್ದೀರೆಂದು ಕೇಳಿದೆ. ಅದನ್ನು ಮುಟ್ಟುವುದಿಲ್ಲ. ಬಾಗಿಲ ಮುಂದೆ ಕೂರುತ್ತೇನೆ, ಚನ್ನಬಸವ್ವನೂ ಕೂರುತ್ತಾಳೆ. ಅವಳನ್ನು ಎಬ್ಬಿಸುವುದು ನಿಮ್ಮ ಶಿಪಾಯಿಯಿಂದಾಗದು, ನಾನೇ ಎಷ್ಟೋ ಸಲ ಸೋತಿದ್ದೇನೆ.

ಪತ್ರಿಕೆ ಅಚ್ಚಾಗುವವರೆಗೆ ಕಾಯದೆ, ಇದರ ನಕಲನ್ನು ಇವತ್ತೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಲಕೋಟೆಯೊಳಗೆ ಒಂದು ಪಟ್ಟಿ ಇದೆ. ನೀಲಿ ನೆಲ, ಹಳದಿ ಚೆಂಡುಹೂ, ಜೋಡಿ ಹೊಲಿಗೆ. ರುಜು ಹಾಕಲು ಮನಸ್ಸಾಗದ ದಿನ ಬೆಳಿಗ್ಗೆ ಹತ್ತಕ್ಕೆ ಅದನ್ನು ನಿಮ್ಮ ಕೈಗೂ ಕುರ್ಚಿಗೂ ಕಟ್ಟಿಸಿಕೊಂಡು ಕೂತಿರಿ. ಯಾವ ಕೈ ಎಂದು ಕೇಳಬೇಡಿ. ಅಲ್ಲಿ ಕಟ್ಟುವುದು ಕೆಲಸ ಮಾಡುವ ಕೈಯನ್ನು.

ಇಂತಿ,
ಅಳತೆ ಕೇಳಿಕೊಂಡು ಕಾರಣ ಕೇಳದೆ ಹೋದ,
ತಮ್ಮಿಂದಲೇ ಶಾಲು ಹೊದ್ದ,
ಈರಣ್ಣ, ನೈಟಿ ವ್ಯಾಪಾರಿ,
ಹಡಪಸರ, ಪುಣೆ